ಮಗಳ ಹೊಸ ಕಿವಿಯ ಎರಡು ಕಚ್ಚು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಇಂಥ ಕಥೆ ಬೇರೆ ಯಾರಾದರೂ ಹೇಳಿದ್ದರೆ ನಕ್ಕು ಎದ್ದುಹೋಗುತ್ತಿದ್ದೆ. ನೀವೂ ಹಾಗೇ ಮಾಡಿದರೆ ನನಗೇನೂ ಬೇಸರವಿಲ್ಲ.

ನಮ್ಮದು ಬಾಗೂರಿನ ಹತ್ತಿರ ಕುರಿ ಸಾಕುವ ಮನೆ. ಮರಿಗಳ ಎಡಗಿವಿಯ ಮೇಲಂಚಿಗೆ ಕತ್ತರಿಯಿಂದ ಅಕ್ಕಪಕ್ಕ ಎರಡು ಕಚ್ಚು ಹಾಕುತ್ತಿದ್ದೆವು. ಬೇರೆಯವರ ಹಿಂಡಿಗೆ ಸೇರಿದರೂ ನಮ್ಮ ಕುರಿಯ ಗುರುತು ಸಿಗಬೇಕಲ್ಲ. ಒಂದು ವರ್ಷ ಅಪ್ಪನ ಕೈಗೆ ಪೆಟ್ಟಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ಹೆಂಡತಿ ಆಗ ಬಸುರಿ. ಹುಟ್ಟಿದ ಮಗಳಿಗೆ ಎಡಗಿವಿಯೇ ಇರಲಿಲ್ಲ. ಆ ಜಾಗದಲ್ಲಿ ಕಡಲೆಕಾಳಿನಷ್ಟು ಮಾಂಸ.

ಅವ್ವ ಶುರು ಮಾಡಿದಳು. "ಹೆಂಡ್ತಿ ಬಸ್ರಿ ಇದ್ದಾಗ ಮರಿ ಕಿವಿ ಕೊಯ್ಯಬ್ಯಾಡಲೇ ಅಂದ್ರೆ ಕೇಳಿದೇನು?" ಒಂಬತ್ತು ವರ್ಷ ಇದೇ ರಾಗ. ಮದುವೆ ಮನೆಯಲ್ಲಿ, ಹಿರಿಯೂರು ಬಸ್ಸಿನಲ್ಲಿ, ಕಂಡಕಂಡವರೆದುರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಮಗಳು ಎರಡು ಜಡೆ ಹಾಕಿಸಿಕೊಳ್ಳದೆ, ಕೂದಲಲ್ಲಿ ಆ ಜಾಗ ಮುಚ್ಚಿಕೊಂಡೇ ಶಾಲೆಗೆ ಹೋಗುತ್ತಿದ್ದಳು.

ಕೊನೆಗೆ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಬಲಗಿವಿಯ ಅಳತೆ ತೆಗೆದು, ಪಕ್ಕೆಯ ಮೆದು ಎಲುಬನ್ನು ಕಿವಿಯ ಆಕಾರಕ್ಕೆ ಕೆತ್ತಿ, ಚರ್ಮದೊಳಗೆ ಕೂರಿಸಿದರು. ಕೂರಿಸುವ ಮೊದಲು ತೆಗೆದ ಫೋಟೋವನ್ನು ಡಾಕ್ಟರು ನನಗೆ ತೋರಿಸಿದ್ದರು. ಅಂಚು ನುಣ್ಣಗಿತ್ತು.

ಪಟ್ಟಿ ಬಿಚ್ಚಿದ್ದು ಮಟಮಟ ಮಧ್ಯಾಹ್ನ. ಕಿವಿ ಚೆನ್ನಾಗಿ ಕೂತಿತ್ತು. ಅದರ ಮೇಲಂಚಿನಲ್ಲಿ ಅಕ್ಕಪಕ್ಕ ಎರಡು ಕಚ್ಚು ಇದ್ದವು.

ನಾನು ಡಾಕ್ಟರ ಮೇಲೆ ರೇಗಿದೆ. ಅವರು ಫೋಟೋ ನೋಡಿದರು, ಕಿವಿ ನೋಡಿದರು. "ಚರ್ಮ ಅಲ್ಲಿ ಒಳಕ್ಕೆ ಎಳೆದುಕೊಂಡಿರಬಹುದು. ಮುಂದಿನ ಸಲ ಸರಿ ಮಾಡೋಣ" ಎಂದರು. ಇರಬಹುದು. ಆದರೆ ಸರಿಯಾಗಿ ಅದೇ ಜಾಗದಲ್ಲಿ, ಅದೇ ಅಳತೆಗೆ? ಕುರಿಯ ವಿಷಯ ಅವರಿಗೆ ನಾನು ಹೇಳಿಯೇ ಇರಲಿಲ್ಲ.

ಜೊತೆಗೆ ಬಂದಿದ್ದ ಅವ್ವ ಬಗ್ಗಿ ನೋಡಿ, "ನಮ್ದೇ ಐತೆ ಬಿಡಪ್ಪ" ಎಂದಳು, ಅಷ್ಟೆ. ಆಮೇಲೆ ಒಂದು ದಿನವೂ ಆ ಮಾತು ಎತ್ತಲಿಲ್ಲ. ಅವಳು ಬೈಯುತ್ತಿದ್ದುದಕ್ಕಿಂತ ಈ ಮೌನವೇ ನನಗೆ ಹೆಚ್ಚು ಸಿಟ್ಟು ತರಿಸುತ್ತದೆ.

ಸರಿ ಮಾಡಿಸಲು ಮಗಳು ಒಪ್ಪಲಿಲ್ಲ. "ಇರ್ಲಿ ಬಿಡಪ್ಪ, ಎಲ್ಲಾದ್ರೂ ಕಳೆದೋದ್ರೆ ಹುಡುಕ್ಕೊಂಡು ಬರ್ತೀಯಲ್ಲ" ಎಂದಳು. ಈಗ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಾಳೆ.

ನಾನು ಇವತ್ತಿಗೂ ಇದನ್ನೆಲ್ಲ ನಂಬುವುದಿಲ್ಲ. ಆದರೆ ಮರಿಗಳ ಕಿವಿಗೆ ಕತ್ತರಿ ಹಾಕುವುದನ್ನು ಬಿಟ್ಟಿದ್ದೇನೆ. ಬೆನ್ನಿಗೆ ಬಣ್ಣ ಹಚ್ಚುತ್ತೇನೆ. ಯಾಕೆ ಎಂದು ಕೇಳಿದವರಿಗೆ ಬಣ್ಣವೇ ಸುಲಭ ಎನ್ನುತ್ತೇನೆ. ಸುಲಭವೇನಲ್ಲ. ನಾಲ್ಕು ಮಳೆಗೆ ಹೋಗಿಬಿಡುತ್ತದೆ, ಮತ್ತೆ ಒಂದೊಂದೇ ಮರಿ ಹಿಡಿದು ಹಚ್ಚಬೇಕು.