ಶಾಕ್ ಹೊಡೆಯುವ ಪಿಕಪ್

ನಾನು ಪಿಕಪ್ ನಿಲ್ಲಿಸಿದ್ದೇ ತಡ, ಸುಶೀಲಕ್ಕ ಹಿಂದಿನಿಂದ ಧುಪ್ಪನೆ ಹಾರಿ, ಕಾಲು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರು.

ಕಾಫಿ ಕೊಯ್ಲಿನ ಒಣಗಾಳಿಯ ದಿನಗಳು. ಮೂಡಿಗೆರೆಯಿಂದ ತೋಟಕ್ಕೆ ನಾನು ಕರೆದೊಯ್ಯುವ ಹೆಂಗಸರು ಹಿಂದೆ ಪ್ಲಾಸ್ಟಿಕ್ ಟಾರ್ಪಲಿನ ಮೇಲೆ ಕೂತು ಬರುತ್ತಾರೆ. ಬಟ್ಟೆ ಪ್ಲಾಸ್ಟಿಕ್ಕಿಗೆ ಉಜ್ಜಿ, ಇಳಿಯುವಾಗ ಗಾಡಿಯ ಕಬ್ಬಿಣ ಮುಟ್ಟಿದರೆ ಚುರ್ರೆಂದು ಶಾಕ್. ಅದಕ್ಕೆ ಹೆದರಿ ಎಲ್ಲರೂ ಏನನ್ನೂ ಹಿಡಿಯದೆ ಹಾರುತ್ತಿದ್ದರು.

"ಏಳೋ ಮೊದ್ಲೇ ಕಂಬಿ ಹಿಡ್ಕೊಳ್ಳಿ, ಕಾಲು ನೆಲಕ್ಕೆ ತಾಗೋ ತನಕ ಬಿಡ್ಬೇಡಿ, ಮೈಗೆ ಸೇರೋ ಕರೆಂಟು ಹಾಗೇ ಹರ್ದು ಹೋಗುತ್ತೆ" ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು. ಶಾಕ್ ಹೊಡೆಯುವುದನ್ನೇ ಹಿಡಿದುಕೊಳ್ಳಿ ಎಂದರೆ ಯಾರು ನಂಬುತ್ತಾರೆ?

ಉಳುಕು ವಾಸಿಯಾಗಿ ಮತ್ತೆ ಕೆಲಸಕ್ಕೆ ಬಂದ ದಿನ ಸುಶೀಲಕ್ಕ ಕಣ್ಣುಮುಚ್ಚಿ, ಕಂಬಿ ಹಿಡಿದೇ ಇಳಿದರು. ಶಾಕ್ ಹೊಡೆಯಲಿಲ್ಲ. ಉಳಿದವರೆಲ್ಲ ಬುತ್ತಿಚೀಲ ಎತ್ತಿಕೊಂಡು ತೋಟದೊಳಗೆ ಹೋದರೂ ಅವರು ಮಾತ್ರ ಕಂಬಿ ಹಿಡಿದೇ ನಿಂತಿದ್ದರು.

"ಇನ್ನು ಬಿಡ್ಬೋದಕ್ಕ" ಎಂದೆ.

"ಸ್ವಲ್ಪ ತಡಿ ಮಾರಾಯ. ಬಿಟ್ರೆ ಕೊಯ್ಲಿಗೆ ಹೋಗ್ಬೇಕಲ್ಲ."

ಈಗ ದಿನದ ಕೊನೆಯ ಟ್ರಿಪ್ ಮುಗಿಸಿ ಇಳಿದಾಗ ನಾನೂ ಬಾಗಿಲು ಹಿಡಿದು ಒಂದು ಗಳಿಗೆ ದಣಿವಾರಿಸಿಕೊಳ್ಳುತ್ತೇನೆ. ಶಾಕಿನ ಭಯ ಸುಶೀಲಕ್ಕನಿಗೂ ನನಗೂ ಹೋಗಿ ತುಂಬ ದಿನವಾಯಿತು.