ಜಲಜಕ್ಕನ ತೂಕ ಎಷ್ಟು ಕಾಯಿ?

2012ರ ಆಗಸ್ಟ್ 14ರ ಬೆಳಿಗ್ಗೆ ಬ್ರಹ್ಮಾವರದ ಆಸ್ಪತ್ರೆಯೊಂದರಲ್ಲಿ ತೂಕದ ಯಂತ್ರ ಹತ್ತಲು ಜಲಜಕ್ಕ ಒಪ್ಪಲಿಲ್ಲ.

ನರ್ಸ್ ಎರಡು ಸಲ ಕರೆದರು. ಅಕ್ಕ ಬೆಂಚಿನಿಂದ ಏಳಲಿಲ್ಲ. ಜೊತೆಗೆ ಹೋಗಿದ್ದ ನನ್ನ ಕಡೆ ತಿರುಗಿ, "ಬಾ ಮಾರಾಯ, ಮನಿಗೆ ಹೋಪ" ಎಂದಳು.

ಆ ದಿನ ಎದ್ದು ಹೋಗಿದ್ದರೆ ಅವಳು ಇನ್ಯಾವ ಡಾಕ್ಟರ ಬಾಗಿಲಿಗೂ ಬರುತ್ತಿರಲಿಲ್ಲ. ಅಲ್ಲಿಯವರೆಗೆ ಕರೆತರಲಿಕ್ಕೇ ನಮಗೆ ಒಂದು ವರ್ಷ ಹಿಡಿದಿತ್ತು.

ಜಲಜಕ್ಕ ನನ್ನ ದೊಡ್ಡಮ್ಮನ ಮಗಳು. ಗುಲ್ವಾಡಿಯಲ್ಲಿ ಮನೆ, ಮನೆಯಲ್ಲೇ ಹೊಲಿಗೆ. (ನಮ್ಮ ನೆಂಟರ ಮದುವೆಗಳಲ್ಲಿ ಅರ್ಧಕ್ಕರ್ಧ ರವಿಕೆ ಅವಳ ಕೈಯದ್ದೇ.) ವರ್ಷದಿಂದ ವರ್ಷಕ್ಕೆ ತೂಕ ಏರಿತು. ಆಮೇಲೆ ಹಾಡಹಗಲೇ ಕೂತಲ್ಲಿ ನಿದ್ದೆ ಬರತೊಡಗಿತು. ಆ ಮೇ ತಿಂಗಳಲ್ಲಿ ಮಿಷನ್ ತುಳಿಯುತ್ತಿರುವಾಗಲೇ ಕಣ್ಣು ಮುಚ್ಚಿಹೋಗಿ ಸೂಜಿ ಬೆರಳಿಗೆ ಇಳಿಯಿತು.

ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ? ಹೋಗಿದ್ದಳು.

ಹಿಂದಿನ ವರ್ಷ ಕುಂದಾಪುರದ ಒಂದು ಕ್ಲಿನಿಕ್‌ಗೆ ಹೋದಾಗ ಅಲ್ಲಿನ ತೂಕದ ಯಂತ್ರದ ಮುಳ್ಳು ಕೊನೆಯ ಗೀಟಿಗೆ ಹೋಗಿ ನಿಂತುಬಿಟ್ಟಿತು. ಕಂಪೌಂಡರ್ ಯೋಚಿಸಿ, ರಸ್ತೆಯ ಆಚೆ ಇದ್ದ ಕೊಬ್ಬರಿ ವ್ಯಾಪಾರಿಯ ಅಂಗಡಿಗೆ ಕಳಿಸಿದರು. ಅಲ್ಲಿ ಮೂಟೆ ತೂಗುವ ದೊಡ್ಡ ಕಾಟಾ ಇದೆಯಲ್ಲ! ಅವರ ಪ್ರಕಾರ ಅದು ಉಪಕಾರವೇ.

ಮೂಟೆ ಹೊರುತ್ತಿದ್ದವರು ಕೆಲಸ ನಿಲ್ಲಿಸಿ ನೋಡಿದರು. ಒಬ್ಬ ಒಳಗಿನವನಿಗೆ ಕೂಗಿ ಹೇಳಿದ: "ಹ್ವಾಯ್, ತೂಕದ ಕಲ್ಲ್ ಸಾಲುದಿಲ್ಲೆ. ಇನ್ನೊಂದ್ ತಕಂಡ್ ಬನ್ನಿ." ತೂಕ ಬರೆದ ಚೀಟಿಯನ್ನು ಅಕ್ಕ ರಸ್ತೆ ದಾಟುವ ಮೊದಲೇ ಹರಿದಳು. ಡಾಕ್ಟರು ತಲೆ ಎತ್ತದೆ ಹೇಳಿದ್ದು, ಊಟ ಕಡಿಮೆ ಮಾಡಿ ಎಂದು. ಅದಕ್ಕೂ ಮೊದಲು ಕಿವಿನೋವಿಗೆ ಹೋದಾಗಲೂ ಅದೇ ಸಲಹೆ ಸಿಕ್ಕಿತ್ತು. ಕಿವಿಗೂ ಊಟಕ್ಕೂ ಏನು ಸಂಬಂಧ ಎಂದು ಅವಳು ಕೇಳಲಿಲ್ಲ. ನಾವೂ ಕೇಳಲಿಲ್ಲ. (ಮದುವೆ ಪಂಕ್ತಿಯಲ್ಲಿ ಅವಳ ಎಲೆ ನೋಡಿ ಕಮೆಂಟ್ ಹೊಡೆದವರಲ್ಲಿ ನಾನೂ ಇದ್ದೆ.)

ಬೆರಳಿಗೆ ಸೂಜಿ ಹೊಕ್ಕ ಮೇಲೆ ದೊಡ್ಡಮ್ಮ ಹೆದರಿ ತುಲಾಭಾರದ ಹರಕೆ ಹೇಳಿಕೊಂಡರು. ಮಗಳ ತೂಕದಷ್ಟು ತೆಂಗಿನಕಾಯಿ. ಜೂನ್‌ನಲ್ಲಿ ಊರಿನ ದೇವಸ್ಥಾನದಲ್ಲಿ ಅದು ನಡೆಯಿತು. ತಂದ ಕಾಯಿ ಸಾಲದೆ ಬಂದಾಗ ಪಕ್ಕದ ಮನೆಯವರು ಹೋಗಿ ತಮ್ಮದನ್ನು ತಂದು ತಟ್ಟೆಗೆ ಸೇರಿಸಿದರು. ಯಾರೂ ನಗಲಿಲ್ಲ. ಅದೇ ಹೆಂಗಸು, ಅದೇ ತೂಕ.

ಬ್ರಹ್ಮಾವರಕ್ಕೆ ಬರುತ್ತೇನೆ ಎಂದು ಅವಳು ಒಪ್ಪಿದ್ದು ಅದರ ಮರುವಾರ. ಹೊರಟಿದ್ದು ಆಗಸ್ಟ್‌ನಲ್ಲಿ.

ಈಗ ಬೆಂಚಿನಿಂದ ಏಳುತ್ತಿಲ್ಲ. ಒಳಗಿದ್ದ ಡಾಕ್ಟರು, ಐವತ್ತರ ಆಸುಪಾಸಿನ ಹೆಂಗಸು, ತಾವೇ ಹೊರಗೆ ಬಂದು ಪಕ್ಕದಲ್ಲಿ ಕೂತರು. ಯಂತ್ರ ಆಮೇಲೆ ನೋಡೋಣ, ಅಂದಾಜು ತೂಕ ಗೊತ್ತಾ ಎಂದು ಕೇಳಿದರು.

"ಕೇಜಿ ಲೆಕ್ಕ ಗೊತ್ತಿಲ್ಲೆ. ಇನ್ನೂರ ಹದಿನೈದ್ ಕಾಯಿ," ಎಂದಳು ಅಕ್ಕ.

ಡಾಕ್ಟರು ನಗಲಿಲ್ಲ. "ಸುಲ್ದದ್ದಾ, ಸಿಪ್ಪಿ ಇದ್ದದ್ದಾ?"

"ಸುಲ್ದದ್ದ್."

"ಹಂಗಾರೆ ಅಡ್ಡಿಲ್ಲ. ನಮ್ ಮಿಷನ್ನಿಗೆ ತಡ್ಕಂತ್."

ಮೊದಲು ನಕ್ಕವಳು ಅಕ್ಕ.

ಯಂತ್ರ ಪರದೆಯ ಹಿಂದೆ ಇತ್ತು. ನರ್ಸ್ ಸಂಖ್ಯೆಯನ್ನು ಬರೆದುಕೊಂಡರು, ಕೂಗಿ ಹೇಳಲಿಲ್ಲ. ಪ್ರೆಶರ್ ನೋಡಲು ತೋಳಿಗೆ ಅಗಲದ ಪಟ್ಟಿ ತಂದರು. ಸಣ್ಣ ಪಟ್ಟಿ ಬಿಗಿದರೆ ಪ್ರೆಶರ್ ಇಲ್ಲದವರಿಗೂ ಹೆಚ್ಚು ತೋರಿಸುತ್ತದಂತೆ. ಡಾಕ್ಟರು ಗೊರಕೆ ಬಗ್ಗೆ ಕೇಳಿದರು, ಕುತ್ತಿಗೆ ಸುತ್ತಳತೆ ತೆಗೆದುಕೊಂಡರು. ನಿದ್ದೆಯಲ್ಲಿ ಉಸಿರು ಕಟ್ಟುತ್ತಿರಬೇಕು, ಹಗಲು ನಿದ್ದೆ ಅದರಿಂದಲೇ, ಇದು ಸೋಮಾರಿತನ ಅಲ್ಲ ಎಂದರು. ಕಿವಿಯನ್ನೂ ನೋಡಿದರು.

ಹೊರಗೆ ಬಂದ ಅಕ್ಕ ಹೇಳಿದ್ದು ಒಂದೇ ಮಾತು: "ಬೈಲಿಲ್ಲೆ ಮಾರಾಯ."

ಡಾಕ್ಟರು ಬೈಯಲಿಲ್ಲ ಎಂಬುದು ಸುದ್ದಿಯಾಗಬೇಕೆ? ಸಕ್ಕರೆ ಕಾಯಿಲೆಯವರಿಗೆ ಮಾತ್ರೆ ಕೊಡುತ್ತೇವೆ. ಬೊಜ್ಜಿನವರಿಗೆ ಬುದ್ಧಿ ಹೇಳಿ ಕಳಿಸುತ್ತೇವೆ. ಅದರ ಚಿಕಿತ್ಸೆಯನ್ನು ಅಂದ ಹೆಚ್ಚಿಸುವ ಖರ್ಚು ಎಂದು ಪಕ್ಕಕ್ಕಿಡುವ ವಿಮೆಯವರಿದ್ದಾರೆ. ರೋಗಿಯನ್ನು ತೂಗುವ ಯಂತ್ರ ರೋಗಿ ಬರುವ ಕ್ಲಿನಿಕ್‌ನಲ್ಲೇ ಇರಬೇಕು ಎಂದು ಕೇಳಿದರೆ ಅದು ದೊಡ್ಡ ಬೇಡಿಕೆಯೆ?

ಪರೀಕ್ಷೆಯಲ್ಲಿ ಉಸಿರು ಕಟ್ಟುವುದು ಖಚಿತವಾಯಿತು. ಮಲಗುವಾಗ ಮೂಗಿಗೆ ಹಾಕಿಕೊಳ್ಳುವ ಯಂತ್ರ ಸೆಪ್ಟೆಂಬರ್‌ನಲ್ಲಿ ಬಂತು. ಆಹಾರದ ಪಟ್ಟಿ, ನಡಿಗೆ ಶುರುವಾಗಿದೆ. ಬೇಕಾದರೆ ಮುಂದೆ ತೂಕ ಇಳಿಸುವ ಶಸ್ತ್ರಚಿಕಿತ್ಸೆ, ಅದನ್ನು ಅಕ್ಕನೇ ತೀರ್ಮಾನಿಸಲಿ ಎಂದಿದ್ದಾರೆ ಡಾಕ್ಟರು. ತೂಕ ಸ್ವಲ್ಪ ಇಳಿದಿದೆ. ಹಗಲು ನಿದ್ದೆ ನಿಂತಿದೆ.

ಮೂರನೇ ತಪಾಸಣೆ ಕಳೆದ ಸೋಮವಾರ ಇತ್ತು. ಜಲಜಕ್ಕ ಬೆಳಗಿನ ಬಸ್ಸಿಗೆ ಒಬ್ಬಳೇ ಹೋಗಿ ಬಂದಳು.