ಅಪ್ಪನನ್ನು ಮುದುಕನಾಗಿಸಿದ ಕಾಕಾ

ಬಸಲಿಂಗ ಕಾಕಾ ಕುಂಚದ ತುದಿಯನ್ನು ನಾಲಿಗೆಯಿಂದಲೇ ಚೂಪು ಮಾಡುತ್ತಿದ್ದರು. ಹಾಡು ಮುಗಿಯುವ ಹೊತ್ತಿಗೆ ಅವರ ತುಟಿ ಹಸಿರೋ ನೀಲಿಯೋ ಆಗಿರುತ್ತಿತ್ತು. ಅದೇ ತುಟಿಯಲ್ಲಿ ಚಹಾ ಹೀರಿ, "ಈಗ ರುಚಿ ಬಂತು ನೋಡ್ರಿ" ಎನ್ನುವ ಮನುಷ್ಯ.

ಮೂಡಲಗಿಯಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳ ಮೇಲೆ ಹೆಸರು, ಹೂಬಳ್ಳಿ ಬರೆಯುವುದು ಅವರ ಕಸುಬು. ಚಳಿಗಾಲದಲ್ಲಿ ಗೋಕಾಕದ ಹೊಳೆದಂಡೆಯ ಬಯಲಿನಲ್ಲಿ ಬೆಳಗಿನ ಸಂಗೀತೋತ್ಸವ ನಡೆದಾಗ ಮಾತ್ರ ಕಾಗದ, ಹಲಗೆ ಹಿಡಿದು ಬಂದು, ಜಮಖಾನದ ಅಂಚಿಗೆ ಕುಳಿತು, ಹಾಡುವವರನ್ನು ಅಲ್ಲೇ ಬರೆಯುತ್ತಿದ್ದರು. ಮನೆಗೆ ಒಯ್ದು ತಿದ್ದುವ ಮಾತೇ ಇಲ್ಲ. "ಹಾಡು ಮುಗೀತಂದ್ರ ಚಿತ್ರಾನೂ ಮುಗೀತು."

ಅಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು ನನ್ನ ಅಪ್ಪ, ಕಾಕಾನ ಜೀವದ ಗೆಳೆಯ. ನಾನು ಕಾಲೇಜಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ಅಲ್ಲಿಂದ ಮುಂದೆ ಉತ್ಸವದವರು ಅವರ ಜಾಗದಲ್ಲಿ ಹಾರ್ಮೋನಿಯಂ ಪೆಟ್ಟಿಗೆಯನ್ನಷ್ಟೇ ಇಟ್ಟು, ನುಡಿಸಲು ಬಂದ ಹೊಸಬರನ್ನು ಆಚೆ ಬದಿಗೆ ಕೂರಿಸತೊಡಗಿದರು. ಮೊದಲ ವರ್ಷ ಮಂಜು ಹೊಳೆಯಿಂದ ವೇದಿಕೆಯವರೆಗೂ ಹಬ್ಬಿತ್ತು. ಕಾಕಾ ಬರೆದ ಚಿತ್ರದಲ್ಲಿ ಪೆಟ್ಟಿಗೆಯ ಹಿಂದೆ ಅಪ್ಪ ಕುಳಿತಿದ್ದರು. ಪಕ್ಕದಲ್ಲಿದ್ದವನೊಬ್ಬ, "ಕಾಕಾ, ಅಲ್ಲಿ ಯಾರೂ ಇಲ್ಲಲ್ರಿ?" ಎಂದ.

"ಸುಮ್ನ ಕೂಡೋ, ಅವ ನುಡಿಸಾಕತ್ತಾನ."

ನೆನಪಿನಿಂದ ಬರೆದರೆಂದೇ ತಿಳಿದೆ. ಆದರೆ ಮರುವರ್ಷದ ಚಿತ್ರದಲ್ಲಿ ಅಪ್ಪನ ಕಿವಿಯ ಬಳಿ ನರೆ ಬಂದಿತ್ತು. ಆಮೇಲೆ ಕನ್ನಡಕ ಬಂತು, ಬೆನ್ನು ಬಾಗಿತು. ಒಮ್ಮೆ ಮೀಸೆ! ಬದುಕಿದ್ದಾಗ ಒಂದು ದಿನವೂ ಮೀಸೆ ಬಿಟ್ಟವರಲ್ಲ. ನಗುತ್ತಾ ಅವ್ವನಿಗೆ ತೋರಿಸಿದೆ. ಅವ್ವ ನಗಲಿಲ್ಲ.

"ಮೀಸಿ ಬಿಡ್ತೇನಿ ಅಂತ ಗಂಟುಬಿದ್ದಿದ್ರು, ನಾನ ಬ್ಯಾಡ ಅಂದಿದ್ದೆ. ಇದು ನಮ್ಮಿಬ್ಬರ ನಡುವಿನ ಮಾತು. ಬಸಲಿಂಗಪ್ಪಗ ಯಾರು ಹೇಳಿದ್ರು?"

ನನಗೆ ಹೆದರಿಕೆಯಾಯಿತು. ಹೆದರಿಕೆಗಿಂತ ಆಸೆಯೇ ದೊಡ್ಡದಾಗಿತ್ತು. ಅಪ್ಪ ಮುದುಕರಾಗುವುದನ್ನು ನೋಡುವ ಭಾಗ್ಯ ನನಗೆ ಇನ್ನೆಲ್ಲಿ ಸಿಗಬೇಕು? ಮದುವೆಯಾಗಿ ಹುಕ್ಕೇರಿಗೆ ಹೋದ ಮೇಲೂ ಒಂದು ಉತ್ಸವವನ್ನೂ ತಪ್ಪಿಸಲಿಲ್ಲ. ಈ ಸಲ ಅಪ್ಪ ಬಂದಿರದಿದ್ದರೆ ಎಂದು ದಾರಿಯುದ್ದಕ್ಕೂ ಅಂದುಕೊಳ್ಳುತ್ತಿದ್ದೆ.

ಹೋದ ಚಳಿಗಾಲದ್ದೇ ಕೊನೆಯ ಭೇಟಿ. ಯುಗಾದಿಗೆ ಮುಂಚೆ ಕಾಕಾ ಹೋಗಿಬಿಟ್ಟರು. ಉತ್ಸವದ ಆ ಬೆಳಿಗ್ಗೆಯೇ ತುಂಬ ಸೊರಗಿದ್ದರು. ನಾನು ಅವರ ಎಡಕ್ಕೆ, ಸ್ವಲ್ಪ ದೂರದಲ್ಲಿ ಕುಳಿತಿದ್ದೆ. ಹಾಡು ಮುಗಿದ ಮೇಲೆ ಬಗ್ಗಿ ನೋಡಿದರೆ ಹಲಗೆಯ ಮೇಲೆ ಪೆಟ್ಟಿಗೆ ಮಾತ್ರ ಇತ್ತು. ಅದರ ಹಿಂದೆ ಬರೀ ಬಿಳಿ ಕಾಗದ.

"ಅಪ್ಪ ಎಲ್ಲಿ ಕಾಕಾ?" ನನಗೆ ಅಳುವೇ ಬಂತು. "ಬಂದಿಲ್ಲೇನು?"

"ಬರದ ಏನು? ಎದ್ದು ಈ ಕಡೆ ಬಂದಾನ." ಕಾಕಾ ನಮ್ಮಿಬ್ಬರ ನಡುವಿನ ಜಮಖಾನವನ್ನು ಮೆಲ್ಲಗೆ ತಟ್ಟಿದರು. "ಒಬ್ಬವನ ಹ್ಯಾಂಗ ಬರ್ತೀ, ಜೋಡೀಲೆ ಹೋಗೋಣು ಅನ್ನಾಕತ್ತಾನ."

ಆಮೇಲೆ ನನ್ನತ್ತ ತಿರುಗಿ ಗದರಿದರು: "ಚೂರು ಸರಿಯವ್ವಾ, ಅಪ್ಪನ ಧೋತರದ ಮ್ಯಾಲ ಕುಂತೀ."

ನಾನು ಸರಿದು ಕುಳಿತೆ.